ಸಾಬಿರಾ ಬೇಡವೆಂದ ಹೆಸರು

ಸಾಬಿರಾಳ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಗುಬ್ಬಿಯಲ್ಲಿ, ನಮ್ಮ ಬೀದಿ ನಲ್ಲಿಯ ಹತ್ತಿರ. ಹಿತ್ತಲ ಮನೆಗೆ ಹೊಸ ಬಾಡಿಗೆಯವರು ಬಂದಿದ್ದರು. ಬಂದ ದಿನವೇ ಗಂಡ ಹೊಡೆದ ಸದ್ದು ಬೀದಿಗೆಲ್ಲ ಕೇಳಿತ್ತು.

"ಅವಳ ಹೆಸರು ಸಾಬಿರಾ ಅಂತೆ ಕಣೇ. ತಾಳ್ಮೆಯವಳು ಅಂತ ಅರ್ಥವಂತೆ," ಎಂದಳು ನರಸಮ್ಮ, ಬಿಂದಿಗೆ ಎತ್ತುತ್ತ.

"ಸದ್ಯ, ನಮ್ಮಪ್ಪ ನಂಗೆ ಅಂಥ ಹೆಸರಿಡಲಿಲ್ಲ ಬುಡು. ಇಟ್ಟಿದ್ರೆ ನಮ್ಮತ್ತೆ ನನ್ನ ಹುರಿದು ತಿಂದಿರೋಳು," ಎಂದೆ. ಎಲ್ಲರೂ ನಕ್ಕರು. ಸಾಬಿರಾ ಕೊಡ ಹಿಡಿದು ಹಿಂದೆಯೇ ನಿಂತಿದ್ದಳು. ಅವಳೂ ನಕ್ಕಳು. ತುಟಿ ಒಡೆದಿತ್ತು, ಸೆರಗಿನಿಂದ ಒತ್ತಿಕೊಂಡಳು.

ಊದುಬತ್ತಿ ಹೊಸೆದು ಹೊಸೆದು ಅವಳ ಅಂಗೈ ಯಾವಾಗಲೂ ಕಪ್ಪು. ಪೆಟ್ಟು ಮೀರಿದಾಗ ಮಗ ನಯಾಜ್‌ನನ್ನು ನನ್ನ ಮನೆಯಲ್ಲಿ ಬಿಟ್ಟು ಕುಣಿಗಲ್‌ನ ತವರಿಗೆ ಹೋಗುತ್ತಿದ್ದಳು. ಸಂಜೆಯೊಳಗೆ ವಾಪಸ್. ಅವಳಪ್ಪ ಊಟ ಹಾಕಿಸಿ, ತಾನೇ ಬಸ್‌ಸ್ಟ್ಯಾಂಡಿಗೆ ಬಂದು, "ಸಾಬಿರಾ ಅಂತ ಸುಮ್ನೆ ಇಟ್ಟಿದೀನಾ? ಸಬರ್ ಮಾಡು, ತಾಳ್ಕೋ ಮಗಳೇ," ಎಂದು ಹತ್ತಿಸಿ ಕಳಿಸುತ್ತಿದ್ದ. ಅವಳ ಅತ್ತೆಯೂ ಅದನ್ನೇ ಹೇಳಿದಳು. ರಾಜಿ ಮಾಡಲು ಬಂದ ಹಿರಿಯರೂ ಅದನ್ನೇ. ರೇಷನ್ ಕಾರ್ಡಿನಲ್ಲಿ ಒಂದು ಥರ, ವೋಟಿನ ಚೀಟಿಯಲ್ಲಿ ಇನ್ನೊಂದು ಥರ ಆ ಹೆಸರು ಬರೆದಿದ್ದರು. ಅರ್ಥ ಮಾತ್ರ ಎಲ್ಲರ ಬಾಯಲ್ಲೂ ಒಂದೇ.

ಮುಂದೆ ಅವಳ ಗಂಡ ಸತ್ತ. ನಯಾಜ್ ತುಮಕೂರಿನಲ್ಲಿ ಗ್ಯಾರೇಜು ಹಾಕಿದ, ಮದುವೆಯಾದ, ತಾಯಿಯನ್ನೂ ಕರೆದುಕೊಂಡು ಹೋದ. ಹೋದ ವರ್ಷ ಅವಳು ಎದೆ ಕೆಟ್ಟು ಆಸ್ಪತ್ರೆ ಸೇರಿದಳು. ಸೊಸೆಗೆ ಆಗ ತುಂಬು ತಿಂಗಳು. ನಾನು ನೋಡಲು ಹೋದೆ. ವರಾಂಡದಲ್ಲೇ ನಯಾಜ್ ನನ್ನ ಕೈ ಹಿಡಿದು ಅತ್ತ.

"ಹೆಣ್ಣಾದ್ರೆ ಅಮ್ಮಿ ಹೆಸರೇ ಇಡೋದು ದೊಡ್ಡಮ್ಮ. ನಮ್ಮನೇಲಿ ಅಜ್ಜಿ ಹೆಸರು ಮೊದಲ್ನೇ ಮೊಮ್ಮಗಳಿಗೇ ಹೋಗೋದು. ಅಮ್ಮಿ ಬೇಡ ಅಂತಾವ್ರೆ. ಸಂಕೋಚ ಅವ್ರಿಗೆ."

ಒಳಗೆ ಸಾಬಿರಾ ಕಾಯುತ್ತಿದ್ದಳು. "ಹೇಳಿದ್ನಾ?"

"ಹೇಳ್ದ. ಮಗನಿಗೆ ಆಸೆ ಕಣೇ. ಹೆಸರೇನು ಕೆಟ್ಟದ್ದಾ?"

"ಹೆಸರು ಕೆಟ್ಟದ್ದಲ್ಲಕ್ಕ. ಮಸೀದೀಲಿ ನಮಾಜ್ ಮಾಡ್ಸೋ ಹಜ್ರತ್ತನ್ನ ಕೇಳಿಸ್ದೆ. ಸಬರ್ ಅಂದ್ರೆ ಸರಿಯಾದ್ದನ್ನ ಹಿಡ್ಕೊಂಡು ಅಲುಗದೆ ನಿಲ್ಲೋದೂ ಹೌದಂತೆ. ಒದೆ ತಿಂತಾ ಇರು ಅಂತ ಎಲ್ಲೂ ಇಲ್ವಂತೆ. ನಂಗೆ ಯಾರೂ ಹೇಳ್ಲಿಲ್ಲ. ಆ ಮಗೂಗೂ ಹೇಳಲ್ಲ ನೋಡು. ನಾಳೆ ಅದು ಅಳ್ತಾ ತವರಿಗೆ ಬಂದ್ರೆ, ಅಜ್ಜಿ ಹೆಸರು ಉಳಿಸು ಅಂತ ಬಸ್ ಹತ್ತಿಸ್ತಾರೆ."

"ನಯಾಜ್ ಹಂಗೆ ಮಾಡೋನಾ?"

"ನಮ್ಮಪ್ಪನೂ ಒಳ್ಳೇವ್ನೇ ಅಕ್ಕ."

ಕೆಮ್ಮು ಅವಳನ್ನು ಬಹಳ ಹೊತ್ತು ಹಿಡಿದು ಅಲ್ಲಾಡಿಸಿತು. ಆಮೇಲೆ ನನ್ನನ್ನು ಹತ್ತಿರ ಎಳೆದುಕೊಂಡಳು.

"ಮಗು ಹುಟ್ಟಿದ ಏಳ್ನೇ ದಿನ ಕೂದಲು ತೆಗೆಸಿ ಹೆಸರಿಡ್ತಾರೆ. ಅವತ್ತು ನಾನಿರಲ್ಲ. ನಿನ್ ಕೈತುತ್ತು ತಿಂದೋನು, ನಿನ್ ಮಾತು ಕೇಳ್ತಾನೆ. ಎಲ್ರ ಮುಂದೇನೇ ತಡಿ. ಹೆಣ್ಣಾದ್ರೆ ನಾಜಿಯಾ ಅಂತ ಇಡ್ಸು. ಪಾರಾದವಳು ಅಂತ ಅರ್ಥವಂತೆ."

ನಾನು ಹೂಂ ಎಂದೆ. ಅವಳು ಕೈ ಬಿಡಲಿಲ್ಲ.

"ಹೂಂ ಅಂದ್ರೆ ಸಾಲ್ದು. ಬಾಯಿಬಿಟ್ಟು ಒಂದ್ಸಲ ಆ ಹೆಸರು ಹಿಡಿದು ಕರಿಯಕ್ಕ, ಕೇಳಿಸ್ಕೋತೀನಿ."