ಅತ್ತೆಯನ್ನು ಆಚೆ ಕರೆತಂದದ್ದು

ಹೆಂಡತಿ ತೀರಿಕೊಂಡ ಮೇಲೆ ಮೊದಲನೇ ಹಿರಿಯರ ಹಬ್ಬ. ಅವಳಿಗೆ ಎಡೆ ಇಟ್ಟೆ. ಮಾಗಡಿಯಲ್ಲಿರುವ ಅತ್ತೆಗೆ ಮಂಡಿನೋವು, ಬರಲಾಗಲಿಲ್ಲ. ಮಗಳ ಎಡೆ ನೋಡಬೇಕು ಅಂದರು. ವಿಡಿಯೋ ಕಾಲ್ ಮಾಡಿ ಫೋನನ್ನು ಎಡೆ ಮುಂದೆ ಚೊಂಬಿಗೆ ಒರಗಿಸಿದೆ. ಸತ್ತವರು ಬಂದು ಉಣ್ಣಲಿ ಅಂತ ಬಾಗಿಲು ಹಾಕಿ ಆಚೆ ಕೂರೋದು ನಮ್ಮ ಪದ್ಧತಿ. ನಾನು ಎದ್ದೆ.

“ಅಯ್ಯೋ, ನನ್ನೂ ಕರ್ಕೊಂಡೋಗಪ್ಪ!” ಅಂದರು ಅತ್ತೆ.

“ನೀವು ಮಾಗಡೀಲಿ ಕುಂತಿದ್ದೀರಿ ಅತ್ತೆ. ಇಲ್ಲಿರೋದು ಬರೀ ನಿಮ್ಮ ಚಿತ್ರ, ನೆಟ್‌ನಲ್ಲಿ ಬತ್ತೈತೆ.”

“ಎಡೆ ಮೇಲಿನ ಇರುವೆ ಕಾಣ್ತೈತೆ ನಂಗೆ. ಹಿಂಗೆ ನೋಡ್ತಾ ಕುಂತ್ರೆ ಅವಳು ಹೆಂಗಪ್ಪ ಉಂಡಾಳು?”

ಫೋನ್ ಎತ್ತಿಕೊಂಡು ಬಂದು ಬಾಗಿಲು ಹಾಕಿದೆ. ಜಗುಲಿ ಮೇಲೆ ಒಬ್ಬನೇ ಕೂರಬೇಕಿತ್ತು. ಅತ್ತೆ ಜೊತೆಗಿದ್ದರು, ಪುಣ್ಯ.

“ಬ್ಯಾಟರಿ ಮುಗೀತಾ ಐತೆ. ಬಾಗಿಲು ತೆಗೀಲಾ?”

“ತಡಿಯಪ್ಪ, ಅವಳು ನಿಧಾನಕ್ಕೆ ಉಣ್ಣೋಳು.”

ಚಾರ್ಜರ್ ಒಳಗಿತ್ತು. ನಾನೂ ಅವಸರ ಮಾಡಲಿಲ್ಲ.