ಎರಡು ಸಲ ಒತ್ತಿದ್ದು

ಪೈಪ್ ಯಾರ್ಡಿನಲ್ಲಿ ಅವನನ್ನು ಎಲ್ಲರೂ ಕಾಗೆ ಎಂದೇ ಕರೆಯುತ್ತಿದ್ದರು. ಬಣ್ಣಕ್ಕಲ್ಲ, ಬಣ್ಣ ತಕ್ಕಮಟ್ಟಿಗೆ ಇತ್ತು. ಬೆಳಿಗ್ಗೆ ಎಂಟಕ್ಕೆ ಕ್ರೇನ್ ಹತ್ತಿ ತುದಿಯ ಕ್ಯಾಬಿನ್ನಿನಲ್ಲಿ ಕೂತನೆಂದರೆ ಸಂಜೆ ಐದರ ತನಕ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ, ಅದಕ್ಕೆ. ವಯಸ್ಸು ಐವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ಯಾಕಪ್ಪಾ ಎಂದು ಕೇಳಿದವರಿಗೆ "ಅಷ್ಟು ಮೆಟ್ಲು ಹತ್ತಿ ಬಂದು ನನ್ನ ನೋಡೋ ಹೆಣ್ಣು ಸಿಗ್ಲಿಲ್ಲ" ಎಂದು ಹಲ್ಲು ಕಿರಿಯುತ್ತಿದ್ದ. ತನ್ನವರು ಎಂದು ಇದ್ದವಳು ಒಬ್ಬ ತಂಗಿ. ಕೆಲಸ ಮುಗಿದರೆ ನೇರ ಅವಳ ಮನೆ. ಕೈಕಾಲು ತೊಳೆದು ಊಟಕ್ಕೆ ಕೂರುವುದು, ಎದುರಿಗೆ ಅವಳ ಗಂಡ, ಇಬ್ಬರೂ ಸೇರಿ ಉಪ್ಪು ಕಮ್ಮಿ ಖಾರ ಜಾಸ್ತಿ ಎಂದು ಅವಳ ತಲೆ ತಿನ್ನುವುದು, ಅವಳು ಸೌಟು ಎತ್ತುವುದು. ಹದಿನಾರು ವರ್ಷ ನಡೆದದ್ದು ಇದೇ.

ಆ ಗಂಡನೂ ಅದೇ ಯಾರ್ಡಿನವನೇ. ಕಾಗೆ ಮೇಲೆ, ಅವನು ಕೆಳಗೆ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ಕ್ಯಾಬಿನ್ನಿನಿಂದ ನೋಡಿದರೆ ಪೈಪಿನ ರಾಶಿಗಳ ಹಿಂಬದಿ ಕಾಣುವುದಿಲ್ಲ. ಕೊಕ್ಕೆ ಎಲ್ಲಿದೆ, ಕಟ್ಟು ಸರಿಯಾಗಿ ಬಿದ್ದಿದೆಯೋ ಇಲ್ಲವೋ, ಯಾರಾದರೂ ಅಡ್ಡ ನಿಂತಿದ್ದಾರೋ ಎಂಬುದನ್ನೆಲ್ಲ ಕೆಳಗಿನವನು ವಾಕಿಟಾಕಿಯಲ್ಲಿ ಹೇಳಬೇಕು. ಮೇಲಿನವನು ಆ ಮಾತನ್ನೇ ನಂಬಿ ಎತ್ತಬೇಕು, ಇಳಿಸಬೇಕು. ಒಂದು ಲೆಕ್ಕದಲ್ಲಿ ಕಾಗೆಯ ಕಣ್ಣು ಕೆಳಗೆ ಓಡಾಡಿಕೊಂಡಿತ್ತು. ಅಷ್ಟು ವರ್ಷದಲ್ಲಿ ಒಂದು ಪೈಪೂ ಯಾರ ಕಾಲ ಮೇಲೂ ಉರುಳಲಿಲ್ಲ.

ತೊಂದರೆ ಇದ್ದದ್ದು ತಂಗಿಯ ಗಂಡನ ಬಾಯಲ್ಲಿ. ಅಯ್ಯೋ, ಆ ಬಾಯಿ! ವಾಕಿಟಾಕಿ ಕೈಗೆ ಬಂದರೆ ಸಾಕು, ಸ್ವಂತ ರೇಡಿಯೋ ಸ್ಟೇಷನ್ ತೆರೆದವನ ಹಾಗೆ ಶುರು. "ಭಾವ, ಬಲಕ್ಕೆ ತಗೋ, ಇನ್ನೂ ಸ್ವಲ್ಪ, ಹಾಂ, ಬೆಳಿಗ್ಗೆ ನಿನ್ ತಂಗಿ ಏನಂದ್ಲು ಗೊತ್ತಾ..." ಅವನು ಬಟನ್ ಬಿಡುವ ತನಕ ಆ ಚಾನೆಲ್ಲಿನಲ್ಲಿ ಬೇರೆಯವರ ದನಿ ಹೊರಡುವಂತಿಲ್ಲ. ಲಾರಿಯವರು, ಗೇಟಿನವರು, ಸೂಪರ್‌ವೈಸರ್ ಎಲ್ಲರೂ ತಂತಮ್ಮ ಸೆಟ್ಟು ಹಿಡಿದು ಇವನ ಸಂಸಾರದ ಕತೆ ಕೇಳಬೇಕು. ಒಂದು ದಿನ ಸೂಪರ್‌ವೈಸರ್ ಇಬ್ಬರನ್ನೂ ನಿಲ್ಲಿಸಿಕೊಂಡು ಚೆನ್ನಾಗಿ ಉಗಿದರು. "ಇದು ವಾಕಿಟಾಕೀನೋ, ನಿಮ್ಮನೆ ಜಗಲೀನೋ? ಇನ್ನೊಂದು ಸಲ ಈ ಚಾನೆಲ್ಲಲ್ಲಿ ಭಾವ ಅನ್ನೋ ಶಬ್ದ ಕೇಳಿದ್ರೆ ಸೆಟ್ ಕಿತ್ಕೋತೀನಿ."

ಕಿತ್ತುಕೊಂಡಿದ್ದರೆ ಚೆನ್ನಾಗಿತ್ತೇನೋ. ಇವರು ಬೈಸಿಕೊಂಡ ಸಿಟ್ಟಿಗೆ ಎತ್ತು, ಇಳಿಸು ಎಂಬುದರ ಹೊರತು ಮಾತನ್ನೇ ಬಿಟ್ಟರು, ಬೇರೆ ದಾರಿ ಕಂಡುಕೊಂಡರು. ಮಾತಾಡದೆ ಬಟನ್ ಒತ್ತಿ ಬಿಟ್ಟರೆ ಇನ್ನೊಬ್ಬನ ಸೆಟ್ಟಿನಲ್ಲಿ ಖರ್ ಎಂದು ಸದ್ದು ಬಂದು ನಿಲ್ಲುತ್ತದೆ. ಒಂದು ಸಲ ಒತ್ತಿದರೆ ನಿಲ್ಲಿಸು. ಎರಡು ಸಲ ಒತ್ತಿದರೆ ಎಲ್ಲಾ ಸರಿ. ಮೂರು ಸಲ ಒತ್ತಿದರೆ ಚಹಾ. ಕೇಳಿದ ಮಾತನ್ನು ತಿರುಗಿ ಹೇಳಬೇಕು, ತಿರುಗಿ ಬರದಿದ್ದರೆ ಕೆಲಸ ನಿಲ್ಲಬೇಕು ಎಂಬ ನಿಯಮ ಸೆಟ್ಟಿನ ಹಿಂದೆಯೇ ಚೀಟಿಯಲ್ಲಿ ಅಂಟಿಸಿತ್ತು. ಇವರು ಕೇಳಬೇಕಲ್ಲ! ಊಟದ ಹೊತ್ತಿನಲ್ಲಿ ಅದೊಂದು ದೊಡ್ಡ ತಮಾಷೆ. "ಬಾಯಿ ಮುಚ್ಕೊಂಡು ಕೆಲ್ಸ ಮಾಡೋದು ಕಲಿತ್ರಲ್ಲ, ಆ ಸೂಪರ್‌ವೈಸರಿಗೆ ಕೈ ಮುಗೀಬೇಕು" ಎಂದು ತಂಗಿಯೂ ನಕ್ಕಿದ್ದಳು.

ಹೋದ ವರ್ಷ ಒಂದು ದಿನ, ಬೆಳಿಗ್ಗೆ ಹನ್ನೊಂದೂ ಹತ್ತು. ಲಾರಿ ಬರುವುದು ತಡವಾಗಿತ್ತು, ಕೊಕ್ಕೆ ಖಾಲಿ ನೇತಾಡುತ್ತಿತ್ತು. ಕಾಗೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದ. ಸೆಟ್ಟು ಖರ್ ಎಂದಿತು. ಆಮೇಲೆ ಇನ್ನೊಂದು ಸಲ. ಎರಡನೆಯದು ಉದ್ದವಾಗಿತ್ತು, ಅದರೊಳಗೆ ಉಸಿರಿನಂಥದ್ದೇನೋ ಕೇಳಿಸಿತು. ಕೇಳಿಸಲಿಲ್ಲ ಎಂದು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡನೋ, ಆದರೂ ಕೇಳಿಸಿತ್ತು. ಭಾವ ಆಟ ಆಡ್ತಿದ್ದಾನೆ ಎಂದುಕೊಂಡ. ಎಲ್ಲಾ ಸರಿ ಎಂದಲ್ಲವೇ ಅರ್ಥ? ತಾನೂ ಎರಡು ಸಲ ಒತ್ತಿ, ಚಹಾ ಕುಡಿದು, ತಂಗಿ ಕಟ್ಟಿಕೊಟ್ಟ ಕಿತ್ತಳೆ ಹಣ್ಣು ಸುಲಿದು ತಿಂದ.

ಹನ್ನೊಂದೂವರೆಗೆ ಲಾರಿ ಬಂತು. ಕರೆದರೆ ಉತ್ತರವಿಲ್ಲ. ಇನ್ನೊಮ್ಮೆ ಕರೆದ, ಬೈದು ಕರೆದ, ಕೊನೆಗೆ ಸೂಪರ್‌ವೈಸರ್ ಮಾತು ಮರೆತು "ಭಾವ, ಭಾವ" ಎಂದ. ಮೆಟ್ಟಿಲು ಹೇಗೆ ಇಳಿದನೋ ಅವನಿಗೇ ಗೊತ್ತಿಲ್ಲ. ಮೂರನೇ ರಾಶಿಯ ಹಿಂದೆ ಭಾವ ಪೈಪಿಗೆ ಒರಗಿ ಕೂತಿದ್ದ, ಕಾಲು ಚಾಚಿ, ಹೆಲ್ಮೆಟ್ ಪಕ್ಕಕ್ಕೆ ಬಿದ್ದಿತ್ತು. ಮೈ ಇನ್ನೂ ಬೆಚ್ಚಗಿತ್ತು. ಉಸಿರಿರಲಿಲ್ಲ. ವಾಕಿಟಾಕಿ ಮುಷ್ಟಿಯಲ್ಲಿತ್ತು, ಹೆಬ್ಬೆರಳು ಬಟನ್ನಿನ ಪಕ್ಕದಲ್ಲೇ ಇತ್ತು.

ಮುಂದಿನದ್ದನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಯಾರನ್ನಾದರೂ ಕೂಗುವ ಮೊದಲು ಕಾಗೆ ಆ ಮುಷ್ಟಿ ಬಿಡಿಸಿದ. ಒಂದೊಂದೇ ಬೆರಳು ಬಿಡಿಸಿ ಸೆಟ್ಟು ತೆಗೆದು, ಭಾವನ ಎದೆಯ ಪಟ್ಟಿಗೆ ಸಿಕ್ಕಿಸಿದ. ಆಮೇಲೆ ಕೂಗಿಕೊಂಡ. ಸೆಟ್ಟು ಸಿಕ್ಕಿಸಿದ್ದು ಯೋಚಿಸಿ ಮಾಡಿದ್ದಲ್ಲ. ಕೈ ತಾನಾಗಿಯೇ ಮಾಡಿತು. ಹೃದಯ ನಿಂತಿತು, ನೋವು ತಿಳಿಯುವ ಮೊದಲೇ ಹೋಗಿರಬೇಕು, ಕರೆಯುವುದಕ್ಕೂ ಪುರುಸೊತ್ತು ಸಿಕ್ಕಿಲ್ಲ ಎಂದು ಡಾಕ್ಟರು ಹೇಳಿದರು. ತಂಗಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಾಗೆ ಪಕ್ಕದಲ್ಲೇ ನಿಂತಿದ್ದ.

ಆಮೇಲೂ ಅವನು ದಿನಾ ಸಂಜೆ ಆ ಮನೆಗೆ ಹೋದ. ಹೋಗದಿದ್ದರೆ ಅವಳೊಬ್ಬಳೇ. ಹೋದರೆ ಎದುರಿಗೆ ಖಾಲಿ ಜಾಗ. ಇವತ್ತು ಹೇಳುತ್ತೇನೆ ಎಂದುಕೊಂಡು ಹೊಸಿಲು ದಾಟುವುದು, ಅವಳು "ಅಣ್ಣ, ಇನ್ನೊಂಚೂರು ಹಾಕ್ಲಾ?" ಎನ್ನುವುದು, ತಲೆಯಾಡಿಸಿ ತಟ್ಟೆ ಮುಂದೆ ಚಾಚುವುದು. ಹೇಳಿದರೆ ಇರುವ ಒಂದೇ ಮನೆಯೂ ಹೋಗುತ್ತದೆ. ಈ ಹೆದರಿಕೆಯಲ್ಲೇ ಹನ್ನೊಂದು ತಿಂಗಳು ಕಳೆಯಿತು.

ಗಂಡನ ಜಾಗದಲ್ಲಿ ಕೆಲಸ ಕೊಡುತ್ತೇವೆ ಎಂದು ಯಾರ್ಡಿನವರು ಹೇಳಿದಾಗ ಅವಳು ಸ್ಟೋರಿನ ಕುರ್ಚಿ ಬೇಡವೆಂದಳು. "ಅವರು ಮಾಡ್ತಿದ್ದ ಕೆಲ್ಸಾನೇ ಕೊಡಿ" ಎಂದು ಹಟ ಹಿಡಿದಳು. ಕೊಟ್ಟರು. ಕೆಳಗೆ ನಿಲ್ಲುವ ಮೊದಲು ವಾಕಿಟಾಕಿ ಕಲಿಯಬೇಕು, ಅದು ಆ ಸಾವಿನ ಮೇಲೆ ಬಂದ ಹೊಸ ಆಜ್ಞೆ. ಕಲಿಸುವವನು ಯಾರು? ಯಾರ್ಡಿನಲ್ಲಿ ಎಲ್ಲರಿಗಿಂತ ಹಳಬ, ಕಾಗೆ. ದೇವರು ಮೇಲೆ ಕೂತು ಇಂಥದ್ದನ್ನೇ ಹುಡುಕುತ್ತಿರುತ್ತಾನೋ ಏನೋ.

ಊಟದ ಕೋಣೆಯಲ್ಲಿ ಪಾಠ. ಐದು ಜನ ಹೊಸಬರು, ಬೆಂಚಿನ ತುದಿಯಲ್ಲಿ ಗಂಡನ ಹೆಲ್ಮೆಟ್ ಹಾಕಿಕೊಂಡು ತಂಗಿ. ಕಾಗೆ ಸೆಟ್ಟು ಎತ್ತಿ ತೋರಿಸಿದ. "ಬೆಳಿಗ್ಗೆ ಬಂದ ತಕ್ಷಣ ಬ್ಯಾಟ್ರಿ ನೋಡಿ. ಮೇಲಿನವನ ಜೊತೆ ಒಂದ್ಸಲ ಮಾತಾಡಿ ನೋಡಿ, ಆಮೇಲೇ ಕೆಲ್ಸ. ಏರಿಯಲ್ ಹಿಡ್ಕೊಂಡು ಎತ್ತಬೇಡಿ, ಅದೇನು ಇಲಿ ಬಾಲ ಅಲ್ಲ. ಬಾಯಿಂದ ನಾಲ್ಕು ಬೆರಳು ದೂರ ಇರ್ಲಿ. ಬಟನ್ ಒತ್ತಿ, ಒಂದು ಉಸಿರು ತಡೀರಿ, ಆಮೇಲೆ ಮಾತಾಡಿ. ಒತ್ತಿದ ಕೂಡ್ಲೇ ಬಡಬಡಿಸಿದ್ರೆ ಮೊದಲನೇ ಮಾತು ಹೋಗೋದೇ ಇಲ್ಲ. ಯಾರನ್ನ ಕರೀತಿದ್ದೀರೋ ಅವರ ಹೆಸರು ಮೊದ್ಲು, ನಿಮ್ಮದು ಆಮೇಲೆ. ಹೇಳಿದ ಮಾತು ತಿರುಗಿ ಬರಬೇಕು. ಬರ್ಲಿಲ್ಲ ಅಂದ್ರೆ ನಿಲ್ಸಿ. ಪ್ಯಾಂಟಿನ ಹಿಂದಿನ ಜೇಬಲ್ಲಿ ಇಟ್ಕೊಂಡು ಕೂರಬೇಡಿ, ಬಟನ್ ಒತ್ತಿಕೊಂಡು ಊರೆಲ್ಲಾ ಮೂಗ ಆಗತ್ತೆ."

ಹೊಸಬರು ನಕ್ಕರು. ತಂಗಿ ನಗಲಿಲ್ಲ.

"ಮಾತೇ ಹೊರಡ್ದಿದ್ರೆ?" ಎಂದಳು.

ಕಾಗೆ ಕೈಯಲ್ಲಿದ್ದ ಸೆಟ್ಟನ್ನು ಮೇಜಿನ ಮೇಲಿಟ್ಟ. "ಒತ್ತಬೇಕು" ಎಂದ. "ಸುಮ್ನೆ ಒತ್ತಿದ್ರೂ ಸದ್ದು ಬರತ್ತೆ. ಮಾತಿಲ್ಲದ ಸದ್ದು ಬಂದ್ರೆ ಮೇಲಿನವನು ಕರೆದು ಕೇಳ್ಬೇಕು. ಉತ್ರ ಇಲ್ಲ ಅಂದ್ರೆ ಎಲ್ಲಾ ಬಿಟ್ಟು ಇಳಿದು ಬರಬೇಕು."

"ಅಷ್ಟೇನಾ? ಒಂದ್ಸಲ ಒತ್ತಿದ್ರೆ ಸಾಕಿತ್ತಾ?" ಅವಳ ದನಿ ಏರಿತು. "ಸೆಟ್ಟು ಎದೆ ಮೇಲೇ ಇತ್ತಲ್ಲ ಅವರಿಗೆ. ದಿನಾ ಇಡೀ ಯಾರ್ಡಿಗೆ ಕೇಳೋ ಹಾಗೆ ಒದರ್ತಿದ್ದ ಮನುಷ್ಯ, ಬೇಕಾದಾಗ ಒಂದ್ಸಲ ಒತ್ತಲಿಲ್ಲ ನೋಡು! ಅಷ್ಟು ಬೇಡ ಆದ್ವಾ ನಾವೆಲ್ಲ? ನಾನು ರಾತ್ರಿಯೆಲ್ಲ ಅವರ ಫೋಟೋಕ್ಕೆ ಅದನ್ನೇ ಕೇಳ್ತೀನಿ."

ಹೊಸಬರು ತಲೆ ತಗ್ಗಿಸಿದರು. ಕಾಗೆ ಅವರನ್ನೆಲ್ಲ ಹೊರಗೆ ಕಳಿಸಿದ, ಗೇಟಿನ ತನಕ ಹೋಗಿ ಒಬ್ಬರಿಗೊಬ್ಬರು ಮಾತಾಡಿ ನೋಡಿ ಎಂದ. ತನ್ನ ಮೇಲಿನ ಬೈಗುಳವಾಗಿದ್ದರೆ ಇನ್ನೂ ಹತ್ತು ವರ್ಷ ನುಂಗಿಕೊಂಡಿರುತ್ತಿದ್ದನೇನೋ. ಸತ್ತವನು ಬೈಸಿಕೊಳ್ಳುವುದನ್ನು ನೋಡಲಾಗಲಿಲ್ಲ. ಬೆಂಚಿನ ಮೇಲೆ ಕೂರದೆ, ಅವಳೆದುರು ನಿಂತುಕೊಂಡೇ ಹೇಳಿದ.

"ಒತ್ತಿದ್ದ ಕಣಮ್ಮ. ಎರಡು ಸಲ ಒತ್ತಿದ್ದ."

ಅವಳು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದಳು.

"ನಾನು ಎಲ್ಲಾ ಸರಿ ಅಂತಿದ್ದಾನೆ ಅಂದ್ಕೊಂಡೆ. ನಾನೂ ಒತ್ತಿದೆ. ಹನ್ನೊಂದೂ ಹತ್ತಕ್ಕೆ. ಇಳಿದು ಬಂದಿದ್ದು ಹನ್ನೊಂದೂವರೆಗೆ. ಸೆಟ್ಟು ಎದೆ ಮೇಲೆ ಇರ್ಲಿಲ್ಲ, ಕೈಯಲ್ಲಿತ್ತು. ನಾನೇ ಬಿಡಿಸಿ ಎದೆಗೆ ಸಿಕ್ಕಿಸಿದೆ. ಯಾರೂ ಕೇಳಬಾರ್ದು ಅಂತ. ನೀನು ಕೇಳಬಾರ್ದು ಅಂತ."

ಹೊರಗೆ ಹೊಸಬರು "ಹಲೋ, ಕೇಳಿಸ್ತಿದ್ಯಾ" ಎಂದು ಸೆಟ್ಟಿಗೆ ಕೂಗುತ್ತಿದ್ದರು. ಅದು ಮೇಜಿನ ಮೇಲಿದ್ದ ಸೆಟ್ಟಿನಲ್ಲೂ ಕೇಳಿಸುತ್ತಿತ್ತು. ಕಾಗೆ ಕೈ ಚಾಚಿ ಅದನ್ನು ಆರಿಸಿದ.

"ಇಪ್ಪತ್ತು ನಿಮಿಷ ಏನ್ ಮಾಡ್ತಿದ್ದೆ?" ಎಂದಳು ತಂಗಿ.

"ಚಹಾ ಕುಡೀತಿದ್ದೆ."

"ಆಮೇಲೆ?"

"ಹಣ್ಣು ತಿಂದೆ."

"ನಾ ಕಟ್ಟಿದ್ದು."

"ಹೂಂ."

ಅವಳು ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅಳುತ್ತಾಳೆ, ಹೊಡೆಯುತ್ತಾಳೆ, ಕಾಲರ್ ಹಿಡಿದು ಅಲುಗಾಡಿಸುತ್ತಾಳೆ ಎಂದು ಅವನು ಕಾದ. ಹೊಡೆದಿದ್ದರೆ ಜೀವ ಹಗುರವಾಗುತ್ತಿತ್ತು.

"ಹನ್ನೊಂದು ತಿಂಗಳು ಅವರನ್ನ ಬೈದೆ" ಎಂದಳು. "ಹೇಳದೆ ಕೇಳದೆ ಹೋದ್ರಲ್ಲ ಅಂತ ಬೈದೆ. ಆ ಮನುಷ್ಯ ಕೂತ್ಕೊಂಡು ಕಾದಿದ್ದಾರೆ. ಭಾವ ಇಳಿದು ಬರ್ತಾನೆ ಅಂತ ಕಾದಿದ್ದಾರೆ. ಬೈಸ್ಕೋಬೇಕಾದವನು ದಿನಾ ನನ್ನ ಮುಂದೆ ಕೂತು, ನಾ ಬಡಿಸಿದ್ದು ಉಣ್ತಿದ್ದ. ಇನ್ನೊಂಚೂರು ಹಾಕ್ಲಾ ಅಂತ ಬೇರೆ ಕೇಳ್ತಿದ್ದೆ ನಾನು."

"ತಪ್ಪಾಯ್ತು ಕಣೇ."

"ಇನ್ಮೇಲೆ ಮನೆಗೆ ಬರ್ಬೇಡ."

ಅಷ್ಟು ಹೇಳಿ ಎದ್ದು ಹೋದಳು. ಕಾಗೆ ಅಲ್ಲೇ ಗೋಡೆ ಹಿಡಿದು ಕುಸಿದು ಕೂತ. ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಹನ್ನೊಂದು ತಿಂಗಳಲ್ಲಿ ಅವನು ಅತ್ತಿದ್ದು ಅದೇ ಮೊದಲು. ಅಳುವ ಹಕ್ಕು ತನಗಿದೆ ಎಂದು ಅವನಿಗೆ ಅಲ್ಲಿಯ ತನಕ ಅನ್ನಿಸಿರಲಿಲ್ಲ.

ಮಾರನೆಯ ದಿನ ಕಾಗೆ ಸೂಪರ್‌ವೈಸರ್ ಬಳಿ ಎಲ್ಲವನ್ನೂ ಒಪ್ಪಿಕೊಂಡ. ಅವರು ಅದನ್ನೆಲ್ಲ ಬರೆದುಕೊಂಡರು, ಅವನನ್ನು ಎರಡು ವಾರ ಕ್ರೇನಿನಿಂದ ಇಳಿಸಿ ಕೂರಿಸಿದರು, ಮತ್ತೆ ಹತ್ತಿಸಿದರು. ತಂಗಿಯನ್ನು ಕರೆಸಿ ಮೆಲ್ಲಗೆ ಕೇಳಿದರು.

"ಆ ಕಡೆ ಇನ್ನೊಂದು ಕ್ರೇನ್ ಇದೆಯಮ್ಮ. ನಿಮ್ಮನ್ನ ಅಲ್ಲಿಗೆ ಹಾಕ್ಲಾ?"

"ಬೇಡ ಸಾರ್. ಅವನ ಕೆಳಗೇ ಹಾಕಿ."

"ಯಾಕಮ್ಮಾ, ಸುಮ್ನೆ ಹಿಂಸೆ?"

"ಬೇರೆಯವ್ರು ಕೇಳಿಸ್ಕೊಂಡ್ರೂ ಕೇಳಿಸ್ಕೊಂಡ್ರು, ಬಿಟ್ರೂ ಬಿಟ್ರು" ಎಂದಳು. "ಅವನು ಇನ್ಮೇಲೆ ಕೇಳಿಸ್ಕೋತಾನೆ."

ಈಗ ಅವಳು ಅಲ್ಲೇ ಇದ್ದಾಳೆ. ಬೆಳಿಗ್ಗೆ ಎಂಟಕ್ಕೆ ಸೆಟ್ಟಿನಲ್ಲಿ ಅವಳ ದನಿ ಬರುತ್ತದೆ. "ಕ್ರೇನ್, ನಾನು ಕೆಳಗಿನವಳು. ಕೇಳಿಸ್ತಿದ್ಯಾ?" ಕಾಗೆ ಒಂದು ಉಸಿರು ತಡೆದು, ಕೇಳಿಸ್ತಿದೆ ಎನ್ನುತ್ತಾನೆ. ಎತ್ತಿ ಎಂದರೆ ಎತ್ತುತ್ತೇನೆ ಎಂದು ತಿರುಗಿ ಹೇಳಿ ಎತ್ತುತ್ತಾನೆ. ನಿಲ್ಲಿಸಿ ಎಂದರೆ ಅವಳ ಮಾತು ಮುಗಿಯುವ ಮೊದಲೇ ಅವನ ಕೈ ನಿಂತಿರುತ್ತದೆ. ಕೆಮ್ಮಿದರೂ ಸಾಕು, ಏನಾಯಿತು ಎಂದು ಕೇಳುತ್ತಾನೆ. "ಏನಿಲ್ಲ, ಕೆಲ್ಸ ಮಾಡಿ" ಎನ್ನುತ್ತಾಳೆ. ಹುಟ್ಟಿದಾಗಿನಿಂದ ನೀನು, ಬಾರೋ, ಹೋಗೋ ಎಂದು ಕಿತ್ತಾಡಿಕೊಂಡು ಬೆಳೆದ ತಂಗಿ ಈಗ ಎತ್ತಿ, ಇಳಿಸಿ, ಮಾಡಿ ಎನ್ನುತ್ತಾಳೆ. ಅಣ್ಣ ಎಂಬ ಮಾತು ಆ ಚಾನೆಲ್ಲಿನಲ್ಲಿ ಯಾರಿಗೂ ಕೇಳಿಸಿಲ್ಲ. ಹೊರಗೂ ಕೇಳಿಸಿಲ್ಲ.

ಐದು ಗಂಟೆಗೆ "ಕೆಲ್ಸ ಮುಗೀತು" ಎಂದು ಅವಳ ದನಿ ಬರುತ್ತದೆ. "ಕೆಲ್ಸ ಮುಗೀತು" ಎಂದು ಅವನು ತಿರುಗಿ ಹೇಳುತ್ತಾನೆ. ಹೇಳಿ ಸ್ವಲ್ಪ ಹೊತ್ತು ಸೆಟ್ಟನ್ನು ಕಿವಿಗೆ ಹಿಡಿದೇ ಕೂತಿರುತ್ತಾನೆ, ಇನ್ನೇನಾದರೂ ಬಂದೀತು ಎಂದು. ಅವನು ಇಳಿದು ಕೆಳಗೆ ಬರುವಷ್ಟರಲ್ಲಿ ಅವಳು ಗೇಟು ದಾಟಿರುತ್ತಾಳೆ.