ಒನಕೆ, ದನಿ, ಬಳೆ

ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ನಮ್ಮ ಯಜಮಾನರಿಗೆ ಹಿಡಿದದ್ದು ಸ್ಪೀಕರಿನ ಹುಚ್ಚು. ನಂಜನಗೂಡಿನ ನಮ್ಮ ಮನೆಯಲ್ಲಿ ಚೆನ್ನಾಗಿಯೇ ಹಾಡಿಕೊಂಡಿದ್ದ ಜೋಡಿ ಪೆಟ್ಟಿಗೆಗಳ ಹೊಟ್ಟೆ ಬಗೆದು, ನಡುಮನೆ ತುಂಬ ವೈರು ಹರಡಿಕೊಂಡು ಕೂತರು. ಪೊರಕೆ ಹಿಡಿದು ಬಂದ ನನಗೆ ಕಾಲಿಡಲು ಜಾಗವಿರಲಿಲ್ಲ.

"ಸರಿಯಾಗಿರೋದ್ನ ಯಾಕ್ರೀ ಕೆಡಿಸ್ತೀರಿ?" ಅಂದೆ.

"ಈಗ ಒಂದೇ ಆಂಪ್ಲಿಫೈಯರ್ ದುಡಿದು ಕಳಿಸ್ತದೆ. ಪೆಟ್ಗೆ ಒಳ್ಗೆ ದಪ್ಪ ಸದ್ದಿನ ದೊಡ್ಡ ಸ್ಪೀಕರು, ನಡುವಿಂದು, ಕೀರಲು ಸದ್ದಿನ ಚಿಕ್ಕದು ಮೂರೂ ಅದಕ್ಕೇ ಕಿತ್ತಾಡ್ತವೆ. ಮೊದ್ಲೇ ಸದ್ದು ಪಾಲು ಮಾಡಿ, ಒಂದೊಂದಕ್ಕೂ ಬೇರೆ ಆಂಪ್ಲಿಫೈಯರ್ ಕೊಟ್ಬುಟ್ರೆ ಜಗಳವೇ ಇರಕಿಲ್ಲ ಕಣೇ."

ಹಾಗೆ ಪಾಲು ಮಾಡುವ ಡಬ್ಬಕ್ಕೆ ಆಕ್ಟಿವ್ ಕ್ರಾಸೋವರ್ ಅಂತ ಹೆಸರಂತೆ. ನಾನು ಪಂಚಾಯ್ತಿದಾರ ಅಂತ ಕರೆದೆ.

ಕೆಲಸ ಮುಗಿದ ದಿನ, ಮೊದಲು ಏನು ಹಾಕಲಿ ಅಂತ ಕೇಳಿದರು. ಕೇಳಬೇಕೇ? ನನ್ನ ಮದುವೆಯಲ್ಲಿ, ಬನ್ನೂರಿನ ತವರುಮನೆಯಲ್ಲಿ ಅರಿಸಿನ ಕುಟ್ಟುವ ಶಾಸ್ತ್ರಕ್ಕೆ ಅವ್ವ ತಾನೇ ಒನಕೆ ಹಿಡಿದು ಸೋಬಾನೆ ಹೇಳಿದ್ದಳು. ಚಿಕ್ಕಪ್ಪ ಅದನ್ನು ಟೇಪ್ ಮಾಡಿಕೊಂಡಿದ್ದ. ಕ್ಯಾಸೆಟ್ಟು ಹಾಳಾಗುವ ಮುಂಚೆ ಪೆನ್‌ಡ್ರೈವಿಗೆ ಇಳಿಸಿಟ್ಟಿದ್ದೆವು. ಅವ್ವ ಹೋದ ಮೇಲೆ ಅವಳ ದನಿ ಅಂತ ನನಗೆ ಉಳಿದದ್ದು ಅದೊಂದೇ.

ಹಾಕಿದರು. ಒನಕೆಯ ಪೆಟ್ಟು ನೆಲದಿಂದಲೇ ಎದ್ದು ಬಂತು. ದನಿ ಬೂದಿ ಹಾಕಿ ಬೆಳಗಿದ ಚೊಂಬಿನ ಹಾಗೆ ಸ್ವಚ್ಛ. ಹೊಗಳಿಕೆಗೆ ಕಾದು ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು, ಸಂತೋಷಕ್ಕಲ್ಲ. ಅಷ್ಟು ಸ್ವಚ್ಛವಾದ ಹಾಡಿನಲ್ಲಿ ಅವ್ವ ಇರಲಿಲ್ಲ.

"ಬಳೆ ಎಲ್ರೀ?" ಅಂದೆ. "ಒನಕೆ ಎತ್ತಿದಾಗೆಲ್ಲ ಅವ್ವನ ಬಳೆ ಗಲ್ ಅಂತಿತ್ತಲ್ಲ. ಹಳೇದ್ರಲ್ಲಿ ಕೇಳ್ತಿತ್ತು."

"ಯಾವ ಬಳೆ? ಟೇಪಿಂದು ಒಂದೇ ಸಮ ಸೊರಸೊರ ಇತ್ತು. ಅದ್ನ ಅಡಗಿಸಾಕೆ ಚಿಕ್ಕ ಸ್ಪೀಕರ್ನ ತಗ್ಗಿಸಿವ್ನಿ."

ನನಗೆ ರೇಗಿಹೋಯಿತು. "ಮನೆ ಪಾಲು ಮಾಡಿ ಹೆತ್ತವ್ಳನ್ನೇ ಜಗಲಿ ಮೇಲೆ ಬುಟ್ಟಂಗಾಯ್ತು ನಿಮ್ಮ ಪಂಚಾಯ್ತಿ!"

ಮಾತಿಗೆ ಮಾತು ಬೆಳೆಸುವ ಜಾಯಮಾನವೇ ಅವರದಲ್ಲ, ಜಗಳವಾಡುವ ನನಗೆ ಅದೂ ಒಂದು ನಷ್ಟ. ದೊಡ್ಡದರ ಮತ್ತು ನಡುವಿನದರ ಆಂಪ್ಲಿಫೈಯರ್ ಆರಿಸಿ, ಚಿಕ್ಕದೊಂದನ್ನೇ ಬಿಟ್ಟು, ಪೆಟ್ಟಿಗೆಗೆ ಕಿವಿಗೊಟ್ಟು ಕೂತರು. ನಾನೂ ಪಕ್ಕದಲ್ಲಿ ಕೂತೆ. ಒನಕೆಯೂ ಇಲ್ಲ, ಹಾಡೂ ಇಲ್ಲ. ಬರೀ ಸೊರಸೊರ, ಅದರ ನಡುವೆ ಗಾಜಿನ ಬಳೆ, ಕೈ ಏರುವಾಗೊಮ್ಮೆ, ಇಳಿಯುವಾಗೊಮ್ಮೆ.

"ಅತ್ತೆ ಕೈ ಬಳೆನಾ ಇದು?" ಅಂದರು ಮೆಲ್ಲಗೆ. "ಟೇಪೇ ಕೆಟ್ಟದೆ ಅನ್ಕಂಡಿದ್ದೆ ಕಣೇ."

ಸೊರಸೊರ ಇದ್ದರೆ ಇರಲಿ ಅಂತ ಅವರೇ ಗುಂಡಿ ತಿರುಗಿಸಿ ಚಿಕ್ಕದನ್ನು ಏರಿಸಿದರು. ಆಮೇಲೆ ಮೂರನ್ನೂ ಒಟ್ಟಿಗೆ ಹಾಕಿ ನನ್ನ ಕಡೆ ತಿರುಗಿದರು.

"ಈಗ ಬಂತಾ?"

"ಬಂದ್ಲು," ಅಂದೆ.